ಎಳ್ಳಮಾಸಿಯ ದಿನ ಖಾಲಿ ಕಂಡ ಬಯಲು

ಕಳೆದ ತಿಂಗಳು ತಂಗಿಯ ಮಗಳ ನಿಶ್ಚಯಕ್ಕೆ ಹೋಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ನೌಕರಿ ಮಾಡಿದವಳು ನಾನು. ಓದುವವರು ತಮಗೆ ಬೇಕಾದ್ದನ್ನು ಅಂದುಕೊಳ್ಳಲಿ. ಊಟದ ಗದ್ದಲ ಮುಗಿದು, ಭಾಂಡಿ ತೊಳೆದು ಬೋರಲು ಹಾಕಿದ ಮೇಲೆ ಹುಡುಗಿಯರು ಬಂದು, "ದೊಡ್ಡವ್ವ, ನಡೀ, ಹೊಸಾ ಜಾಗಾ ತೋರಸ್ತೀವಿ" ಎಂದು ಎಳೆದುಕೊಂಡು ಹೋದರು.

ಜಾಗ ಛಲೋ ಇತ್ತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಅಂಗಡಿಗಳು, ಮೇಲೆ ನಾಲ್ಕು ಅಂತಸ್ತಿನ ಮನೆಗಳು, ಬಾಲ್ಕನಿಯಲ್ಲಿ ಒಣಹಾಕಿದ ಸೀರೆಗಳು. ನಡುವೆ ಎರಡು ಪರದೆಯ ಟಾಕೀಜು, ಕಾರಂಜಿ, ಮಕ್ಕಳ ಜೋಕಾಲಿ, ಒಂದು ಉದ್ದನ್ನ ತಿಂಡಿ ಓಣಿ. ಹುಡುಗಿಯರು ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ನಾನು ಬಾಗಿಲ ಬಳಿಯ ಕರಿಕಲ್ಲಿನ ಫಲಕ ಓದುತ್ತ ನಿಂತೆ. ಯಾವ ಅಕ್ಷರ ಕಂಡರೂ ಓದುವ ಚಟ ನನ್ನದು. "ಬಹುಕಾಲದಿಂದ ಯಾವ ಉಪಯೋಗವೂ ಇಲ್ಲದೆ ಖಾಲಿ ಬಿದ್ದಿದ್ದ ಈ ಬಯಲಿನಲ್ಲಿ..." ಅಷ್ಟು ಓದಿ, ಕಲ್ಲಿಗೇ ಕೈ ಊರಿ ನಿಂತುಬಿಟ್ಟೆ. ದೊಡ್ಡ ಹುಡುಗಿ ಓಡಿ ಬಂದು, "ಯಾಕ ದೊಡ್ಡವ್ವ, ಶುಗರ್ ಇಳೀತೇನ?" ಅಂದಳು. ಹೂಂ ಅಂದೆ. ಏನಂತ ಹೇಳಲಿ? ಆ ಕಲ್ಲಿನ ಮೇಲಿನ ಮಾತು ಮೊದಲು ಕಾಗದದ ಮೇಲಿತ್ತು, ಆ ಕಾಗದದ ಕೆಳಗೆ ನನ್ನ ಸಹಿ ಇತ್ತು.

ಆ ವರ್ಷ ಹಿಂಗಾರಿ ಮಳೆ ಹದವಾಗಿ ಬಿದ್ದಿತ್ತು. ದೀಪಾವಳಿ ಮುಗಿಯುತ್ತಲೇ ಊರ ಸುತ್ತ ಬಿಳಿಜೋಳ ಹಸಿರು ಚಾಪೆ ಹಾಸಿದ ಹಾಗೆ ಎದ್ದಿತ್ತು. ನಾನು ಊರಿನ ಪುರಸಭೆ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ನಮ್ಮವರು ಮುದ್ದೇಬಿಹಾಳದಲ್ಲಿ ಮಾಸ್ತರು. ಶನಿವಾರ ಸಂಜೆ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸ್ಸು. ಉಳಿದ ದಿನ ಒಂದು ಬಾಡಿಗೆ ಖೋಲಿ, ಒಂದು ಗ್ಯಾಸು, ಎರಡು ಡಬ್ಬಿ. ಒಬ್ಬಳಿಗೇ ಅಂತ ಸಂಜೆ ಅಡುಗೆ ಮಾಡಲು ಬೇಸರವಾದಾಗ ಹೋಗುತ್ತಿದ್ದ ಜಾಗವೇ ಜೀನಿನ ಬಯಲು.

ಹಿಂದೆ ಅಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ ಇತ್ತಂತೆ. ಜೀನು ಮುಚ್ಚಿ ಯಾವ ಕಾಲವಾಗಿತ್ತೋ. ಉಳಿದದ್ದು ಒಂದು ಮುರುಕು ಚಿಮಣಿ, ನಾಲ್ಕು ಬೇವಿನ ಗಿಡ, ಹಿಂದಿನ ಸಾಲಿನಲ್ಲಿ ಹಳೆಯ ಕೂಲಿಕಾರರ ಹತ್ತಾರು ಮನೆ. ಆದರೆ ಸಂಜೆ ನಾಲ್ಕಕ್ಕೆ ಬರಬೇಕು! ಗಿರ್ಮಿಟ್ಟಿನ ಗಾಡಿ, ಕಬ್ಬಿನ ಹಾಲಿನ ಗಾಣದ ಗೆಜ್ಜೆ, ಬಳೆ, ಚಪ್ಪಲಿ, ಪ್ಲಾಸ್ಟಿಕ್ ಕೊಡ. ವರ್ಷಕ್ಕೊಮ್ಮೆ ನಾಟಕದ ಕಂಪನಿ ಬಂದು ತಗಡಿನ ಥೇಟರು ಹಾಕಿದರೆ ಎರಡು ತಿಂಗಳು ಊರಿಗೆ ನಿದ್ದೆಯಿಲ್ಲ. ಇವೆಲ್ಲದರ ನಡುವೆ, ಮೂಡಣ ಮೂಲೆಯ ಬೇವಿನ ಕೆಳಗೆ, ಹುಸೇನಬಿಯ ಮಿರ್ಚಿ ಭಜಿ.

ಹುಸೇನಬಿ ನನ್ನ ವಾರಗೆಯವಳು. ತವರು ಯಂಕಂಚಿ. ಗಂಡ ದಸ್ತಗೀರ ಊರ ಹೊರಗಿನ ಮೂರೆಕರೆ ಹೊಲ ನೋಡಿಕೊಳ್ಳುತ್ತಿದ್ದ, ಭಜಿಯ ಒಲೆ ಇವಳದು. ಅವಳ ಅತ್ತೆಯೂ ಅದೇ ಜಾಗದಲ್ಲಿ ಭಜಿ ಕರಿದವಳು. ಮೊದಲ ದಿನ ನಾನು, "ಖಾರ ಕಡಿಮಿ ಇರೂದು ಕೊಡವ್ವ" ಅಂದಾಗ ಎಣ್ಣೆಯೊಳಗಿನ ಝಾರಿ ಎತ್ತಿ ನನ್ನನ್ನೇ ನೋಡಿದಳು.

"ಖಾರ ಕಡಿಮಿ ಬೇಕಂದ್ರ ಬಾಳಿಹಣ್ಣಿನ ಗಾಡಿ ಆ ಕಡೆ ಐತ್ರೀ ಬಾಯಾರ."

ಅವತ್ತಿನಿಂದ ಗೆಳೆತನ. ಸಂಜೆ ಆರರಿಂದ ಏಳರವರೆಗೆ ಅವಳ ಮಣೆಯ ಮೇಲೆ ನಾನು. ಗಿರಾಕಿ ಹೆಚ್ಚಾದರೆ ಮೆಣಸಿನಕಾಯಿ ಸೀಳಿ ಕೊಡುತ್ತಿದ್ದೆ. "ಸರ್ಕಾರಿ ಕೈಲೆ ಸೀಳಿಸೇನಿ, ತಿನ್ರಿ" ಎಂದು ಮಂದಿಯನ್ನು ನಗಿಸುತ್ತಿದ್ದಳು.

ಊರು ಬೆಳೆಯುತ್ತಿತ್ತು. ಕಾಲುವೆ ನೀರು ಬಂತು, ಕಬ್ಬು ಬಂತು, ಕಬ್ಬಿನ ಹಿಂದೆ ಹೊಸ ಲೇಔಟುಗಳು ಬಂದವು. ಜೀನಿನ ಬಯಲಿನಲ್ಲಿ ದೊಡ್ಡ ಮನರಂಜನೆಯ ಸಂಕೀರ್ಣ ಕಟ್ಟಬೇಕು, ಅಂಗಡಿ, ಮನೆ, ಸಿನೆಮಾ ಎಲ್ಲ ಒಂದೇ ಕಡೆ ಇರಬೇಕು ಎಂದು ಮೇಲಿನಿಂದ ಒಪ್ಪಿಗೆಯಾಯಿತು. ನಕಾಶೆ ಮಾಡಲು ಒಂದು ಕಂಪನಿಯವರು ಬಂದರು. ಅವರ ಮುಖ್ಯಸ್ಥೆ ನಂದಿತಾ, ಬೆಂಗಳೂರಿನವಳು, ಮೂವತ್ತೈದರ ಆಸುಪಾಸು. ಒಳ್ಳೆಯ ಹೆಣ್ಣುಮಗಳು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಲ್ಲಿ ಬಯಲು ಪೂರಾ ಕಾಲಲ್ಲಿ ಅಳೆದಳು. ಅವಳಿಗೆ ಊರು ತೋರಿಸುವ ಕೆಲಸ ನನಗೆ ಬಿತ್ತು. ನಾನು ಸೀದಾ ಹುಸೇನಬಿಯ ಒಲೆಯ ಮುಂದೆ ತಂದು ಕೂರಿಸಿದೆ.

"ಇಲ್ಲಿನ ಜನ ಸಂಜೆ ಟೈಮ್ ಪಾಸ್ ಮಾಡೋಕೆ ಎಲ್ಲಿಗೆ ಹೋಗ್ತಾರೆ?" ಅಂತ ನಂದಿತಾ ಕೇಳಿದಳು.

ಹುಸೇನಬಿ ಸುತ್ತ ನೋಡಿದಳು. ಅವಳ ಮುಂದೆ ಹನ್ನೆರಡು ಮಂದಿ ಪೇಪರಿನ ಚೂರು ಹಿಡಿದು ನಿಂತಿದ್ದರು. "ಇವ್ರೆಲ್ಲಾ ಏನ್ ಮಾಡಾಕತ್ತಾರ ಅಂತ ತಿಳದೀರಿ ತಂಗಿ? ಮಳಿ ನೀರು ಅಳ್ಯಾಕ ಬಂದಾರೇನು?"

ನಂದಿತಾ ನಕ್ಕು ಬರೆದುಕೊಂಡಳು. ಹೊಸ ತಿಂಡಿ ಓಣಿಯಲ್ಲಿ ಈಗ ಬಯಲಿನಲ್ಲಿ ಮಾರುವವರಿಗೇ ಮೊದಲ ಜಾಗ, ಒಂದು ದಿನದ ಸರ್ವೆ ಮಾಡುತ್ತೇವೆ, ಅದರಲ್ಲಿ ಯಾರ ಹೆಸರು, ಫೋಟೋ ಬರುತ್ತದೋ ಅವರಿಗೆ ಮಳಿಗೆ ಎಂದು ವಿವರಿಸಿದಳು. ಹುಸೇನಬಿ ಝಾರಿ ಬದಿಗಿಟ್ಟಳು. ಒಮ್ಮೆಲೇ ಗಂಭೀರಳಾದಳು.

"ಹಂಗಿದ್ರ ಬರ್ಕೋರಿ. ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸ್ತೈತಿ. ಒಲಿಗೋಳು ಮೂಡಣಕ್ಕ ಇರ್ಲಿ, ಇಲ್ಲಂದ್ರ ಕುಂತವರ ಕಣ್ಣಾಗ ಹೊಗಿ. ಒಲಿ ಬಾಜೂಕ ಒಂದು ನಳಾ. ಮತ್ತ ಆ ಬೇವಿನ ಗಿಡಾ ಕಡೀಬ್ಯಾಡ್ರಿ."

ನಂದಿತಾ ಎಲ್ಲವನ್ನೂ ಬರೆದುಕೊಂಡಳು, ಬಾಣದ ಗುರುತು ಹಾಕಿ ಗಾಳಿಯ ದಿಕ್ಕನ್ನೂ.

ಎಳ್ಳಮಾಸಿಯ ಮುಂಚಿನ ದಿನ ಸಂಜೆ ಐದಕ್ಕೆ ಅವಳ ಫೋನು ಬಂತು. "ಮೇಡಂ, ನಾಳೆ ಸರ್ವೆ ಇಟ್ಕೊಂಡಿದೀವಿ, ನಮ್ಮ ಹುಡುಗರು ಬರ್ತಾರೆ. ವರದಿ ಕೊಡೋಕೆ ಜಾಸ್ತಿ ಟೈಮಿಲ್ಲ. ನೀವು ಜೊತೆಗಿದ್ದು ಪ್ರತಿ ಹಾಳೆಗೂ ಸಹಿ ಮಾಡ್ಬೇಕು." ಖಾಲಿ ನಮೂನೆಯ ಹನ್ನೆರಡು ಹಾಳೆ ಆಗಲೇ ನನ್ನ ಟೇಬಲ್ಲಿಗೆ ಬಂದಿದ್ದವು.

ಎಳ್ಳ ಅಮಾವಾಸ್ಯೆ ಅಂದರೆ ನಮ್ಮ ಕಡೆ ಏನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಅವತ್ತು ಊರಲ್ಲಿ ಯಾರೂ ಇರುವುದಿಲ್ಲ. ಬೆಳೆದು ನಿಂತ ಜೋಳದ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬನ್ನಿಯ ಬುಡದಲ್ಲಿ ಐದು ಕಲ್ಲು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಅಂದರೆ ಭೂಮಿಗೆ ಮೊದಲ ತುತ್ತು ಕೊಟ್ಟು, ಅಲ್ಲೇ ಕೂತು ಉಣ್ಣಬೇಕು. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಬೇಕು; ಕರೆಯದಿದ್ದರೆ ಅದು ಕರೆಯದವರ ಅವಮಾನ. ಸರ್ಕಾರಿ ಸೂಟಿ ಇಲ್ಲ. ಕಚೇರಿಯ ಬಾಗಿಲು ತೆಗೆದಿರುತ್ತದೆ, ಒಳಗೆ ಫ್ಯಾನು ತಿರುಗುತ್ತಿರುತ್ತದೆ, ಅಷ್ಟೆ. ನಮಗೆ ಹೊಲ ಇಲ್ಲ. ಹುಸೇನಬಿ ಹದಿನೈದು ದಿನ ಮೊದಲೇ ಹೇಳಿಟ್ಟಿದ್ದಳು, "ಬಾಯಾರ, ಒಬ್ರ ಖೋಲ್ಯಾಗ ಕುಂತೀರಿ ಅಂದ್ರ ನೋಡ್ರಿ ಮತ್ತ."

ಫೋನಿನಲ್ಲಿ ಒಂದು ಮಾತು ಹೇಳಬಹುದಿತ್ತು, "ನಾಳೆ ಬೇಡ, ಊರು ಖಾಲಿ ಇರುತ್ತದೆ" ಅಂತ. ಹೇಳಲಿಲ್ಲ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನಾಳೆ ಸೂರ್ಯ ಮೂಡುತ್ತಾನೆ ಅಂತ ಹೇಳುತ್ತೇವೆಯೇ? ಬಂದು ನೋಡುತ್ತಾರೆ, ಒಂದು ನರಪಿಳ್ಳೆ ಕಾಣದಿದ್ದರೆ ತಾವೇ ನಕ್ಕು ವಾಪಸ್ಸು ಹೋಗಿ ಮತ್ತೊಂದು ದಿನ ಇಡುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡವಳು ಸಹಿಯನ್ನಾದರೂ ಯಾಕೆ ಮಾಡಬೇಕಿತ್ತು? ನಾನು ಕಚೇರಿಯಲ್ಲಿ ಇಲ್ಲ ಎನ್ನುವುದು ಗೊತ್ತಾಗಬಾರದು ಅಂತ. "ಖುದ್ದು ಹಾಜರಿದ್ದು ಪರಿಶೀಲಿಸಿದ್ದೇನೆ" ಎಂಬ ಮುದ್ರಿತ ಸಾಲಿನ ಕೆಳಗೆ ಹನ್ನೆರಡು ಸಲ ಸಹಿ ಮಾಡಿ, ಬೆಳಿಗ್ಗೆ ಅವರ ಕೈಗೆ ಕೊಡು ಎಂದು ಜವಾನ ಸಂಗಪ್ಪನಿಗೆ ಒಪ್ಪಿಸಿದೆ. ಸಂಗಪ್ಪ, "ಲಗೂನ ಬರಾಕ ಹೇಳ್ರಿ, ನಮ್ಮ ಚಕ್ಕಡಿ ಒಂಬತ್ತಕ್ಕ ಬಿಡ್ತೈತಿ" ಅಂದ.

ಆ ದಿನದ ಊಟ ಇವತ್ತಿಗೂ ನಾಲಿಗೆಯ ಮೇಲಿದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಹತ್ತು ನಮೂನೆ ಕಾಳು-ಸೊಪ್ಪು ಕೂಡಿಸಿದ ಭಜ್ಜಿ, ಕಡಬು, ಶೇಂಗಾ ಹೋಳಿಗೆ, ಮೊಸರು. ದಸ್ತಗೀರ ಟವೆಲ್ಲು ಸುತ್ತಿ ಚರಗ ಚೆಲ್ಲುತ್ತ ಜೋಳದ ಸಾಲಿನಲ್ಲಿ ಮರೆಯಾಗುತ್ತಿದ್ದ, ಅವನ ಕೂಗು ಮಾತ್ರ ಕೇಳುತ್ತಿತ್ತು. ಆಚೆ ಹೊಲದಿಂದ ಇನ್ನೊಂದು ಕೂಗು, ಅದರಾಚೆಯಿಂದ ಮತ್ತೊಂದು. ಹುಸೇನಬಿ ನನ್ನ ತಾಟಿಗೆ ಐದನೆಯ ಕಡಬು ಹಾಕಿದಳು. ಬ್ಯಾಡ ಅಂದೆ. "ಸರ್ಕಾರಿ ಹೊಟ್ಟಿ, ಹಿಡೀತೈತಿ" ಅಂದಳು. ಫೋನು ಚೀಲದಲ್ಲಿತ್ತು. ಸಂಜೆ ಖೋಲಿಗೆ ಬಂದು ನೋಡಿದರೆ ನಂದಿತಾಳ ಮೂರು ಕರೆ. ನಾಳೆ ಮಾಡಿದರಾಯಿತು ಎಂದು ಮಲಗಿದೆ. ನಾಳೆ ನೀರಿನ ಪೈಪು ಒಡೆದು ಕಚೇರಿಯ ಮುಂದೆ ಕೊಡಗಳ ಸಾಲು. ನಾಡಿದ್ದು ಮರೆತೇಹೋಯಿತು. ಆಕೆಯೂ ಮತ್ತೆ ಫೋನು ಮಾಡಲಿಲ್ಲ. ಇನ್ನೊಂದು ಸರ್ವೆ ಇಟ್ಟುಕೊಂಡರೆ ಹೇಳುತ್ತಾಳೆ ಅಂತ ಸುಮ್ಮನಾದೆ.

ಜೋಳ ಕಟಾವಿಗೆ ಬಂದಾಗ ನಕಾಶೆಯೂ ಬಂತು. ಸಾರ್ವಜನಿಕರು ನೋಡಿ ಆಕ್ಷೇಪಣೆ ಹೇಳಲಿ ಎಂದು ಸಭಾಭವನದ ಗೋಡೆಗೆ ದೊಡ್ಡ ದೊಡ್ಡ ಬಣ್ಣದ ಚಿತ್ರಗಳನ್ನು ತೂಗುಹಾಕಿದರು. ಸಾಲು ಸಾಲು ಖರ್ಜೂರದ ಗಿಡ, ಕೆಳಗೆ ಚಡ್ಡಿ ಹಾಕಿದ ಬಿಳಿಯ ಮಂದಿ, ಒಬ್ಬಳ ಕೈಯಲ್ಲಿ ಬಲೂನು. ಸಂಗಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, "ಬಾಯಾರ, ಇವ್ರ್ಯಾರ್ರೀ? ನಮ್ಮ ವಾರ್ಡಿನವ್ರಲ್ಲ" ಅಂದ.

ಬಯಲಿನ ವ್ಯಾಪಾರಸ್ಥರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಹುಸೇನಬಿ ಹಬ್ಬದ ಹಸಿರು ಸೀರೆ ಉಟ್ಟಿದ್ದಳು. ನಕಾಶೆಯಲ್ಲಿ ತಿಂಡಿ ಓಣಿಯ ಮೂಡಣ ತುದಿಗೆ ಬೆರಳಿಟ್ಟು ನಾನೇ ಅವಳಿಗೆ ತೋರಿಸಿದೆ: ಒಂದನೆಯ ಮಳಿಗೆ, ಬಾಜೂಕ ನೀಲಿ ಚುಕ್ಕೆಯ ನಳ, ಪಕ್ಕದಲ್ಲಿ ಬೇವಿನ ಗಿಡ. ಅವಳು ನನ್ನ ಮೊಳಕೈ ಹಿಡಿದು ಅಲ್ಲಾಡಿಸಿದಳು. "ಹಾಕ್ಯಾಳ್ರೀ! ನಾ ಹೇಳಿದ್ದೆಲ್ಲಾ ಹಾಕ್ಯಾಳ! ಗಾಳಿ ಸೈತ!" ಅವಳ ದನಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು.

ಆಮೇಲೆ ಸರ್ವೆಯ ವರದಿ ಓದಿದರು. ನಂದಿತಾ ತಾರೀಖು ಹೇಳಿ ಮುಂದುವರಿದಳು: "ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಬಯಲು ಸಂಪೂರ್ಣ ಖಾಲಿ ಇದೆ. ಯಾವುದೇ ವ್ಯಾಪಾರಸ್ಥರು ಕಂಡುಬಂದಿಲ್ಲ. ಹೀಗಾಗಿ ತಿಂಡಿ ಓಣಿಯ ಮಳಿಗೆಗಳನ್ನು ಬಹಿರಂಗ ಹರಾಜಿನಲ್ಲಿ..."

ನನಗೆ ಮುಂದಿನದು ಕೇಳಲಿಲ್ಲ. ಪರದೆಯ ಮೇಲೆ ಫೋಟೋಗಳು ಬರುತ್ತಿದ್ದವು. ಬಿಸಿಲು, ಚಿಮಣಿ, ಮಲಗಿದ ಒಂದು ನಾಯಿ. ಹುಸೇನಬಿಯ ಒಲೆ, ಅದರ ಮೇಲೆ ಮುಚ್ಚಿದ ತಗಡು, ತಗಡಿನ ಮೇಲೆ ಕಲ್ಲು. ಅದರ ಕೆಳಗೆ ಅಚ್ಚಾದ ಅಕ್ಷರ: "ಬಿಟ್ಟುಹೋದ ಗುಜರಿ ಸಾಮಾನು." ಪ್ರತಿ ಫೋಟೋದ ಅಡಿಯಲ್ಲಿ ನನ್ನ ಸಹಿ. ಹೆಸರಿನ ಜಾಗದಲ್ಲೆಲ್ಲ ಗೀಟು ಎಳೆದು ತುಂಬಿದ ಹನ್ನೆರಡು ಹಾಳೆ; ಖಾಲಿ ಬಯಲು ನೋಡಿ ವಾಪಸ್ಸು ಹೋಗುತ್ತಾರೆ ಎಂದುಕೊಂಡಿದ್ದೆ, ಅವರು ಖಾಲಿಯನ್ನೇ ಬರೆದುಕೊಂಡು ಹೋಗಿದ್ದರು!

ಸಭೆ ಎದ್ದು ನಿಂತಿತು. "ಅವತ್ತ ಎಳ್ಳಮಾಸಿ ಇತ್ತಲ್ರೀ! ಎಳ್ಳಮಾಸಿ ದಿನ ಊರಾಗ ಬರೇ ನಾಯಿನ ಇರ್ತಾವು!" ನಂದಿತಾ ಕಕ್ಕಾಬಿಕ್ಕಿಯಾಗಿ ನಮ್ಮ ಮುಖ್ಯಾಧಿಕಾರಿಗಳ ಕಡೆ ನೋಡಿದಳು. ಅವರು ಕೈ ಎತ್ತಿ ಎಲ್ಲರನ್ನೂ ಕೂರಿಸಿದರು.

"ಹಬ್ಬ ಇರ್ಲಿ, ಅವತ್ತು ಸರ್ಕಾರಿ ರಜಾ ಇರಲಿಲ್ಲ. ನಮ್ಮ ಆಫೀಸ್ ಚಾಲೂ ಇತ್ತು. ನಮ್ಮ ಬಾಯಾರು ಮುಂಜಾನಿಂದ ಸಂಜೀತನಕ ಬಿಸಲಾಗ ನಿಂತು ನೋಡ್ಯಾರ. ದಿನಾ ವ್ಯಾಪಾರ ಮಾಡವ್ರು ಒಬ್ಬರರೆ ಇರಬೇಕಿಲ್ಲೋ? ಅವ್ರ ಸಹಿ ಸುಳ್ಳಂತೀರೇನು?"

ಇಡೀ ಸಭೆ ನನ್ನ ಕಡೆ ತಿರುಗಿತು. ಹುಸೇನಬಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಆ ಭವನದಲ್ಲಿ ಎಳ್ಳಮಾಸಿಯ ದಿನ ನಾನೆಲ್ಲಿದ್ದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಒಂದೇ ಒಂದು ಮಾತು ಅಂದರೆ ಸಾಕಿತ್ತು, ಹನ್ನೆರಡು ಹಾಳೆ ಹರಿದುಬೀಳುತ್ತಿದ್ದವು, ಅವುಗಳ ಜೊತೆ ನನ್ನ ನೌಕರಿಯೂ. ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಕೂತಳು. ಏನೂ ಅನ್ನಲಿಲ್ಲ.

ಅವಳು ಅಂದಿದ್ದರೆ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಆಕ್ಷೇಪಣೆಗೆ ಇನ್ನೂ ಏಳು ದಿನ ಇದ್ದವು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಒಂದು ಅರ್ಜಿ ಬರೆದೆ: ಸರ್ವೆಯ ದಿನ ನಾನು ಬಯಲಿನಲ್ಲಿ ಇರಲಿಲ್ಲ, ಖಾಲಿ ಹಾಳೆಗಳಿಗೆ ಸಹಿ ಮಾಡಿದ್ದೆ, ಸರ್ವೆ ಮತ್ತೊಮ್ಮೆ ಆಗಬೇಕು. ಮುಖ್ಯಾಧಿಕಾರಿಗಳ ಮುಂದೆ ಇಟ್ಟೆ. ಬೈಯುತ್ತಾರೆ, ಅಮಾನತು ಮಾಡುತ್ತಾರೆ, ಎಲ್ಲಕ್ಕೂ ತಯಾರಾಗಿ ಹೋಗಿದ್ದೆ. ಅವರು ಓದಿ, ಕನ್ನಡಕ ತೆಗೆದು, ಸಣ್ಣಗೆ ನಕ್ಕರು.

"ಅಲ್ರೀ ಬಾಯಾರ, ನೀವೊಬ್ರ ಹೋಗಿದ್ರಿ ಅಂತ ತಿಳದೀರೇನು? ನಾನು ನಮ್ಮ ಮಾವನವ್ರ ಹೊಲಕ್ಕ ಹೋಗಿದ್ದೆ, ಆಲಮೇಲಕ್ಕ. ಎಂಜಿನಿಯರ್ ಸಾಹೇಬ್ರು ಕೊಲ್ಹಾರಕ್ಕ. ಇಡೀ ಆಫೀಸ್‌ದಾಗ ಅವತ್ತು ಮನಷ್ಯಾ ಅಂಬಾವ ಇರಲಿಲ್ಲ."

ಕಪಾಟಿನಿಂದ ಹಾಜರಿ ಪುಸ್ತಕ ತೆಗೆದು ಆ ದಿನದ ಪುಟ ತೋರಿಸಿದರು. ಎಲ್ಲರ ಸಹಿಯೂ ಇತ್ತು. ಮರುದಿನ ಬಂದು ಎರಡೂ ದಿನದ್ದು ಕೂಡಿಯೇ ಮಾಡಿದ್ದೆವು, ನಾನೂ ಮಾಡಿದ್ದೆ. ಅದು ಎಷ್ಟು ರೂಢಿಯಾಗಿತ್ತೆಂದರೆ ನನಗೆ ನೆನಪೇ ಇರಲಿಲ್ಲ. ಅಂದರೆ ಆ ಸಭೆಯಲ್ಲಿ, "ಸಹಿ ಸುಳ್ಳಂತೀರೇನು" ಎಂದು ಇವರು ಗುಡುಗಿದಾಗ, ವೇದಿಕೆಯ ಮೇಲೆ ಕೂತಿದ್ದ ನಮ್ಮ ಕಚೇರಿಯ ಪ್ರತಿಯೊಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು.

"ಇದು ಒಳಗ ಬಂದ್ರ ಎಲ್ಲಾರೂ ಹೊರಗ ಹೋಗ್ತೀವಿ. ಸಂಗಪ್ಪನ ಪಿಂಚಣಿ ಮುಂದಿನ ವರ್ಷ ಐತಿ. ವಿಚಾರ ಮಾಡ್ರಿ," ಎಂದು ಅರ್ಜಿಯನ್ನು ನನ್ನ ಕಡೆ ಸರಿಸಿದರು. ಹರಿಯಲಿಲ್ಲ, ಗದರಿಸಲಿಲ್ಲ. ಚಹಾ ತರಿಸಿದರು.

ವಿಚಾರ ಮಾಡಿದೆ. ಆಕ್ಷೇಪಣೆಗಳನ್ನು ತೆಗೆದುಕೊಂಡು ಶಿಕ್ಕಾ ಹೊಡೆಯುವ ಟೇಬಲ್ಲು ನನ್ನದೇ. ಬಯಲಿನವರ ಅರ್ಜಿ ಬಂತು, ಹೆಬ್ಬೆಟ್ಟುಗಳ ಸಮೇತ, ಶಿಕ್ಕಾ ಹೊಡೆದು ಕಳಿಸಿದೆ. ಅದರಲ್ಲಿ ಪುರಾವೆ ಅನ್ನುವುದು ಒಂದೂ ಇರಲಿಲ್ಲ. ಪುರಾವೆ ನನ್ನ ಚೀಲದಲ್ಲಿತ್ತು, ಮಡಚಿದ ಒಂದು ಹಾಳೆ. ಏಳನೆಯ ದಿನ ಸಂಜೆ ಐದೂವರೆಗೆ ಶಿಕ್ಕೆಯನ್ನು ಡ್ರಾವರಿನಲ್ಲಿಟ್ಟು ಬೀಗ ಹಾಕಿದೆ. ಚೀಲದ ಬಾಯಿ ತೆಗೆಯಲಿಲ್ಲ.

ಯುಗಾದಿಗೆ ಮುಂಚೆ ಬಯಲಿಗೆ ತಗಡಿನ ಬೇಲಿ ಬಿತ್ತು. ಮಳಿಗೆಗಳು ಹರಾಜಾದವು. ನನಗೆ ಬಾಗೇವಾಡಿಗೆ ವರ್ಗವಾಯಿತು. ಹೋಗುವ ಮೊದಲು ಹುಸೇನಬಿಯನ್ನು ಹುಡುಕಿಕೊಂಡು ಹೋದೆ. ಬೈಪಾಸಿನ ಟ್ರ್ಯಾಕ್ಟರ್ ಗ್ಯಾರೇಜಿನ ಪಕ್ಕ ಒಲೆ ಹೂಡಿದ್ದಳು. ನೆರಳಿಲ್ಲ. ಲಾರಿ ಹೋದಾಗೊಮ್ಮೆ ಕಡಲೆಹಿಟ್ಟಿನ ಬುಟ್ಟಿಗೆ ಅಡ್ಡ ಕೈ ಹಿಡಿಯುತ್ತಿದ್ದಳು. ಗಿರಾಕಿ ಅಂತ ಇದ್ದದ್ದು ಗ್ಯಾರೇಜಿನ ಇಬ್ಬರು. ನನ್ನನ್ನು ಕಂಡು, "ಬರ್ರಿ ಬಾಯಾರ, ಕುಂಡ್ರಿ" ಎಂದು ಮೊದಲಿನಂತೆಯೇ ಮಣೆ ಸರಿಸಿದಳು. ಅದೇ ನನಗೆ ತಡೆಯಲಾಗಲಿಲ್ಲ. ಕೂರದೆ ಕೇಳಿಬಿಟ್ಟೆ.

"ಅವತ್ತ ಸಭಾದಾಗ ನೀ ಯಾಕ ಹೇಳಲಿಲ್ಲ ಹುಸೇನಬಿ?"

"ಏನಂತ ಹೇಳ್ಲಿ?"

"ನಾನು ನಿಮ್ಮ ಹೊಲದಾಗ ಇದ್ದೆ ಅಂತ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ನಾನು ಏನೋ ಹೊಲಸು ಮಾತು ಆಡಿದ ಹಾಗೆ.

"ಉಣ್ಣಾಕ ಕರದಾಕಿ ನಾನ್ರೀ. ಮನಿಗೆ ಕರದು ಉಣಿಸಿದ್ದನ್ನ ನಾಕ ಮಂದ್ಯಾಗ ಎತ್ತಿ ಆಡ್ಲೇನು? ನಮ್ಮ ಅತ್ತಿ ಮಣ್ಣಾಗಿಂದ ಎದ್ದ ಬಂದು ಕಪಾಳಕ್ಕ ಹೊಡದಾಳು." ಒಂದು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು, ಅದು ಮೇಲೆದ್ದು ಬರುವವರೆಗೂ ಅದನ್ನೇ ನೋಡಿದಳು. "ಉಣಿಸಿದವ್ರು ಹೇಳಬಾರದ್ರೀ ಬಾಯಾರ. ಉಂಡವ್ರು ಹೇಳಬಹುದಿತ್ತು. ನಾ ಹಂಗ ತಿಳಕೊಂಡ ಸುಮ್ಮ ಕುಂತಿದ್ದೆ. ಏಳೂ ದಿನ ದಾರಿ ನೋಡಿದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕಕ್ಕೆ ಬರುವಷ್ಟು ದುಃಖವೂ ಇರಲಿಲ್ಲ. ಭಜಿಗಳನ್ನು ತೆಗೆದು ಪೇಪರಿನಲ್ಲಿ ಸುತ್ತಿ ಗ್ಯಾರೇಜಿನವನಿಗೆ ಕೊಟ್ಟಳು. ನನಗೆ ಆಗ ಬಡಿದ ಸಿಡಿಲು ಇನ್ನೂ ಇಳಿದಿಲ್ಲ. ನನ್ನ ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ನೆನಪಿಸಿದಳು.

ಈಗ ಬರೆದರೆ ಯಾರ ಒಲೆಯೂ ಹಿಂದಕ್ಕೆ ಬರುವುದಿಲ್ಲ, ನನಗೆ ಗೊತ್ತು. ಸಂಗಪ್ಪ ಪಿಂಚಣಿ ತೆಗೆದುಕೊಂಡು ತೀರಿಕೊಂಡ. ನನ್ನ ನೌಕರಿಯೂ ಇನ್ನು ಹೆಚ್ಚು ಉಳಿದಿಲ್ಲ. ಆದರೂ ಉಂಡವಳು ನಾನು, ಹೇಳುತ್ತೇನೆ. ಆ ಎಳ್ಳಮಾಸಿಯ ದಿನ ಹತ್ತರಿಂದ ಐದರವರೆಗೆ ನಾನು ಬಯಲಿನಲ್ಲಿ ಇರಲಿಲ್ಲ. ಊರ ಹೊರಗಿನ ಮೂರೆಕರೆ ಜೋಳದ ನಡುವೆ, ಬನ್ನಿಯ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಜೀನಿನ ಬಯಲಿನಲ್ಲಿ ದಿನಾ ಒಲೆ ಹಚ್ಚುವವಳು ನನ್ನ ಮುಂದೆ ಬಗ್ಗಿ, ಬ್ಯಾಡ ಅಂದರೂ ಕೇಳದೆ, ಬಡಿಸುತ್ತಿದ್ದಳು.